ನೀರು ಇಳಿದಾಗ ಹೊಳೆಗೆ ಹೋಗುವವರು

ಮಾಘ ಮುಗಿದು ಫಾಲ್ಗುಣ ಹಿಡಿಯುವ ಹೊತ್ತಿಗೆ ಬೆಂಗಳೂರಿನಿಂದ ಕನಕಪುರ, ಹಲಗೂರು ದಾರಿಯಲ್ಲಿ ಶುಕ್ರವಾರ ಸಂಜೆಯ ಕಾರುಗಳು ಹೆಚ್ಚುತ್ತವೆ. ಹೋಗುವವರಲ್ಲಿ ಅನೇಕರ ಗುರಿ ಕಾವೇರಿ. ಶಿವನಸಮುದ್ರದಲ್ಲಿ ಧುಮುಕಿದ ನದಿ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳನ್ನು ದಾಟಿ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟುವಿನ ಇಕ್ಕಟ್ಟಿಗೆ ಹೋಗುವವರೆಗಿನ ಈ ಭಾಗ ಕಾವೇರಿ ವನ್ಯಜೀವಿಧಾಮದೊಳಗಿದೆ. 1987ರಲ್ಲಿ ಘೋಷಣೆಯಾದ ಈ ಧಾಮ ಈಗ ವಿಸ್ತರಣೆಯಾಗಿ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದೆ. ಹೊಳೆಯ ಅಂಚಿನಲ್ಲಿ ಟೆಂಟುಗಳಿರುವ ಶಿಬಿರಗಳಿವೆ. ಆ ವಾರಗಳಲ್ಲಿ ಅಲ್ಲಿಗೆ ಹೋದವರಿಗೆ ಸಿಗುವ ಸುಖವನ್ನು ಸುಳ್ಳೆನ್ನಲು ಸಾಧ್ಯವಿಲ್ಲ. ಹಗಲಿನ ಬಿಸಿಲು ಇನ್ನೂ ಸುಡುವುದಿಲ್ಲ, ರಾತ್ರಿಗೆ ಒಂದು ಹೊದಿಕೆ ಬೇಕೆನಿಸುವಷ್ಟು ತಂಪು ಉಳಿದಿರುತ್ತದೆ. ನೀರು ಇಳಿದು ಬಂಡೆಗಳು ಮೈ ತೋರಿಸಿರುತ್ತವೆ, ನಡುವೆ ಮರಳಿನ ತಿಟ್ಟುಗಳು ಎದ್ದಿರುತ್ತವೆ. ಎಲೆ ಉದುರಿಸಿದ ಗುಡ್ಡದ ಮೇಲೆ ಮುತ್ತುಗ ಕೆಂಪಾಗಿ ಹೂಬಿಟ್ಟಿರುತ್ತದೆ. ದಂಡೆಯ ಹೊಂಗೆ ಹಳೆಯ ಎಲೆ ಕಳಚಿ, ಎಣ್ಣೆ ಸವರಿದಂಥ ಹೊಸ ಚಿಗುರಿಗೆ ಸಿದ್ಧವಾಗುತ್ತಿರುತ್ತದೆ. ಹೊಳೆಮತ್ತಿಯ ಬಿಳಿ ಕಾಂಡಗಳ ಮೇಲೆ, ಕರ್ನಾಟಕದಲ್ಲಿ ಈ ಭಾಗದಲ್ಲಿ ಮಾತ್ರ ಕಾಣಸಿಗುವ ಬೂದು ಬಣ್ಣದ ದೊಡ್ಡ ಅಳಿಲು ಓಡಾಡುತ್ತದೆ. ಅದೃಷ್ಟವಿದ್ದರೆ ನೀರುನಾಯಿಗಳ ಗುಂಪು ಬಂಡೆಯಿಂದ ಬಂಡೆಗೆ ದಾಟುವುದನ್ನು ನೋಡಬಹುದು.

ಇದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂದು ಹೋಗಿಬಂದವರು ಹೇಳುತ್ತಾರೆ. ನಿಜ, ನಮಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹೊಳೆಯನ್ನು ನಂಬಿದ ಉಳಿದವರಿಗೆ ಇದು ಎಂಥ ಕಾಲ ಎನ್ನುವುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ವಸಂತ ಎಂದ ಕೂಡಲೇ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರದಲ್ಲಿ ಎರಡು ದೇಶಗಳು ಬೆರೆತಿರುತ್ತವೆ. ಶಾಲೆಯ ಇಂಗ್ಲಿಷ್ ಪಾಠದ ವಸಂತ ಒಂದು. ಅಲ್ಲಿ ಹಿಮ ಕರಗುತ್ತದೆ, ತೊರೆಗಳು ತುಂಬುತ್ತವೆ, ಹುಲ್ಲು ಮೇಲೇಳುತ್ತದೆ. ಆ ನಾಡಿನ ಪ್ರಾಣಿಗಳಿಗೆ ಅದು ಬರಗಾಲ ಮುಗಿಯುವ ಹೊತ್ತು. ದಖ್ಖನಿನ ಎಲೆಯುದುರುವ ಕಾಡಿನ ವಸಂತ ಇದಕ್ಕೆ ತೀರಾ ಬೇರೆ. ಇಲ್ಲಿ ಚಿಗುರು ಬರುವುದು ಮಳೆಯ ನಂತರವಲ್ಲ, ಮಳೆಗೆ ಎರಡು ಮೂರು ತಿಂಗಳು ಮೊದಲು. ಮರಗಳು ಆಳದ ಬೇರಿನಲ್ಲಿ, ಕಾಂಡದಲ್ಲಿ ಉಳಿಸಿಕೊಂಡ ನೀರನ್ನು ಖರ್ಚು ಮಾಡಿ ಹೂ ಬಿಡುತ್ತವೆ. ಬುರುಗ, ಮುತ್ತುಗಗಳು ಎಲೆಯಿಲ್ಲದ ಕೊಂಬೆಗಳಲ್ಲಿ ಅಷ್ಟು ದೂರಕ್ಕೂ ಕಾಣುವಂತೆ ಅರಳುವುದರಿಂದ ಹಕ್ಕಿಗಳು ಅವನ್ನು ಹುಡುಕಿಕೊಂಡು ಬರುತ್ತವೆ. ನಮ್ಮ ಕಣ್ಣಿಗೆ ಹಬ್ಬವಾಗಿ ಕಾಣುವ ಈ ಬಣ್ಣದ ಕೆಳಗೆ ನೆಲ ಒಣಗಿರುತ್ತದೆ. ಕಾಡೊಳಗಿನ ಕಟ್ಟೆ, ಕುಂಟೆ, ಹಳ್ಳಗಳು ಒಂದೊಂದಾಗಿ ಬತ್ತುತ್ತವೆ. ಅಕ್ಟೋಬರಿನಲ್ಲಿ ಹತ್ತು ಕಡೆ ನೀರು ಕುಡಿಯಬಹುದಾಗಿದ್ದ ಆನೆ, ಕಡವೆ, ಜಿಂಕೆಗಳಿಗೆ ಮಾರ್ಚಿನಲ್ಲಿ ನೆಚ್ಚಬಹುದಾದದ್ದು ಹೊಳೆಯೊಂದೇ. ಅವು ಗುಡ್ಡದಿಂದ ಇಳಿದು ಬರುವುದು ಬಿಸಿಲು ತಗ್ಗಿದ ಮೇಲೆ, ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ.

ಅಂದರೆ ನಾವು ಹೊಳೆಯ ದಂಡೆಯನ್ನು ಅತ್ಯಂತ ಬಯಸುವ ವಾರಗಳೂ ಅವುಗಳಿಗೆ ಅದು ಅತ್ಯಂತ ಬೇಕಾದ ವಾರಗಳೂ ಒಂದೇ. ಸಂಜೆ ಐದರಿಂದ ಬೆಳಗಿನ ಏಳರವರೆಗೆ ಎಂಬ ಹೊತ್ತೂ ಒಂದೇ. ನೀರಿಗೆ ಇಳಿಯಲು ಸಲೀಸಾದ ಮರಳ ದಂಡೆ ಎಂಬ ಜಾಗವೂ ಎಷ್ಟೋ ಸಲ ಒಂದೇ. ಇದು ಯಾರ ಕೆಡುಕುತನದಿಂದಲೂ ಆದದ್ದಲ್ಲ, ಋತುಮಾನ ಹಾಗಿದೆ. ಆದರೆ ಇದು ಗೊತ್ತಾದ ಮೇಲೆ ಒಂದು ಪ್ರಶ್ನೆಯನ್ನು ತಳ್ಳಿಹಾಕುವುದು ಕಷ್ಟ. ಪ್ರಕೃತಿಯನ್ನು ನೋಡಿ ಸುಖಪಡುವುದು ಯಾರಿಗೂ ನೋವಾಗದ ಸುಖ ಎಂದು ನಾವು ನಂಬಿಕೊಂಡಿದ್ದೇವೆ. ಕುಡಿತ, ಜೂಜು, ಬೇಟೆ ಇವುಗಳ ಸಾಲಿನಿಂದ ಅದನ್ನು ಪ್ರತ್ಯೇಕವಾಗಿಟ್ಟಿದ್ದೇವೆ. ಆ ನಂಬಿಕೆ ಎಷ್ಟು ಸರಿ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಒಂದು, ಗುರುತು ಉಳಿಸದೆ ಹೋಗಿ ಬನ್ನಿ, ಅಷ್ಟು ಸಾಕು ಎನ್ನುವುದು. ಇನ್ನೊಂದು, ಹೋಗಲೇಬೇಡಿ ಎನ್ನುವುದು.

ಮೊದಲನೆಯದು ಒಳ್ಳೆಯ ಮಾತು. ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯುವುದು, ಹೊಳೆಗೆ ಸೋಪು ಬಿಡದಿರುವುದು, ಕೊಂಬೆ ಮುರಿಯದಿರುವುದು ಇವೆಲ್ಲ ಬೇಕೇ ಬೇಕು. ಆದರೆ ಇದು ತಪ್ಪನ್ನು ಕಸದಲ್ಲಿ ಮಾತ್ರ ಹುಡುಕುತ್ತದೆ. ಒಂದು ಬೀದಿ ನಲ್ಲಿಯನ್ನು ನೆನೆಸಿಕೊಳ್ಳಿ. ನೀರು ಬರುವುದು ಸಂಜೆ ಎರಡು ಗಂಟೆ ಮಾತ್ರ. ಯಾರೋ ಒಬ್ಬರು ಬಂದು ಆ ಎರಡು ಗಂಟೆಯೂ ನಲ್ಲಿಯ ಮುಂದೆ ಕುಳಿತು, ನೀರು ಬೀಳುವ ಚೆಲುವನ್ನು ನೋಡಿ ಆನಂದಪಟ್ಟು, ಹೊರಡುವಾಗ ಕಟ್ಟೆಯನ್ನು ಗುಡಿಸಿ ತೊಳೆದು ಹೋದರು ಎನ್ನೋಣ. ಅವರು ಒಂದು ಕೊಡ ನೀರನ್ನೂ ಒಯ್ದಿಲ್ಲ, ಒಂದು ಚೂರು ಕಸವನ್ನೂ ಬಿಟ್ಟಿಲ್ಲ. ಆದರೂ ಕೊಡ ಹಿಡಿದು ಬಂದವರು ಬರಿಗೈಯಲ್ಲಿ ಮರಳಿದ್ದಾರೆ. ಮರುದಿನ ಕಟ್ಟೆಯನ್ನು ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ನಷ್ಟವಾದದ್ದು ಆ ಎರಡು ಗಂಟೆ. ಹೊಳೆಯ ದಂಡೆಯ ಟೆಂಟು ಎಷ್ಟೇ ಶುಭ್ರವಾಗಿರಲಿ, ಅದರ ಬೆಳಕು, ಮಾತು, ವಾಸನೆಗಳು ಗುಡ್ಡದ ಅಂಚಿನಲ್ಲಿ ನಿಂತ ಆನೆಗಳ ಹಿಂಡಿಗೆ ಇಳಿಯಬೇಡ ಎಂದು ಹೇಳುತ್ತಿರುತ್ತವೆ. ಮರಿಯಿರುವ ಹಿಂಡು ಮತ್ತಷ್ಟು ಕಾಯುತ್ತದೆ, ಅಥವಾ ಬೇರೆ ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಬೆಳಿಗ್ಗೆ ನಾವು ಟೆಂಟು ಮಡಚಿ, ಮರಳನ್ನು ಸಮ ಮಾಡಿ, ಏನೂ ಗುರುತಿಲ್ಲ ಎಂದು ಸಮಾಧಾನಪಡುತ್ತೇವೆ. ಅಲ್ಲಿ ಇರಬೇಕಾಗಿದ್ದ ಹೆಜ್ಜೆ ಗುರುತುಗಳೂ ಇಲ್ಲ ಎನ್ನುವುದು ನಮ್ಮ ಗಮನಕ್ಕೆ ಬರುವುದಿಲ್ಲ.

ಹಾಗಾದರೆ ಹೋಗದೇ ಇರುವುದೇ ಸರಿಯೇ? ಅದೇ ಹೊಳೆಯ ಒಂದು ಮೀನಿನ ಕತೆ ಈ ಉತ್ತರವನ್ನೂ ಸಲೀಸಾಗಿ ಒಪ್ಪಿಕೊಳ್ಳಲು ಬಿಡುವುದಿಲ್ಲ.

ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಸೀರ್ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲೊಂದು. ನಮ್ಮ ಕಡೆ ಮಹಸೀರನ್ನು ಬಿಳಿಮೀನು ಎನ್ನುವುದುಂಟು. 1946ರ ಮಾರ್ಚಿನಲ್ಲಿ, ಇಂಥದೇ ಎಳೆಯ ಬೇಸಿಗೆಯಲ್ಲಿ, ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಸೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಮೀನು ಇನ್ನಿಲ್ಲವೇನೋ ಎಂದು ಅನೇಕರು ತಿಳಿದಿದ್ದರು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಿಂದ ಬಂದ ಕೆಲವು ಗಾಳಗಾರರು ಕಾವೇರಿಯಲ್ಲಿ ಅದು ಇನ್ನೂ ಇದೆಯೆಂದು ತೋರಿಸಿದರು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳು ಬೆಳೆದವು. ಮೀನನ್ನು ಹಿಡಿದು, ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡಬೇಕು ಎಂಬುದು ಅಲ್ಲಿನ ನಿಯಮ. ಹಿಂದೆ ಸಿಡಿಮದ್ದು ಎಸೆದೋ ಬಲೆ ಹಾಕಿಯೋ ಮೀನು ಕದಿಯುತ್ತಿದ್ದ ಊರಿನವರಲ್ಲಿ ಕೆಲವರು ಶಿಬಿರದ ಮಾರ್ಗದರ್ಶಿಗಳೂ ಕಾವಲುಗಾರರೂ ಆದರು. ಹೊಳೆಯ ಯಾವ ಮಡುವಿನಲ್ಲಿ ಯಾವ ಹೊತ್ತಿನಲ್ಲಿ ಮೀನು ಇರುತ್ತದೆ ಎಂಬ ಅವರ ಅರಿವಿಗೆ ಸಂಬಳ ಸಿಕ್ಕಿತು. 2010ರ ನಂತರದ ವರ್ಷಗಳಲ್ಲಿ ಈ ಶಿಬಿರಗಳಲ್ಲಿ ಗಾಳ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತಾರಣ್ಯದಲ್ಲಿ ಬೇಟೆ ಕೂಡದು, ಗಾಳ ಹಾಕುವುದೂ ಬೇಟೆಯೇ ಎಂಬುದು ಅದಕ್ಕೆ ಕಾರಣ. ಆಗ ಮೀನಿನ ಬಗ್ಗೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಲ್ಲಿ ಕೆಲವರೇ, ಗಾಳಗಾರರು ಹೋದ ಮೇಲೆ ಕಾವಲೂ ಹೋಯಿತು, ಸಿಡಿಮದ್ದಿನವರು ಮರಳಿದರು ಎಂದು ಎಚ್ಚರಿಸಿದರು.

ಈ ಕತೆಯಲ್ಲಿ ಇನ್ನೊಂದು ತಿರುವಿದೆ. 1970ರ ದಶಕದಿಂದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಸೀರ್ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಮಹಸೀರ್ ಕಡಿಮೆಯಾಗುತ್ತಿದೆ, ಹೆಚ್ಚಿಸೋಣ ಎಂಬ ಒಳ್ಳೆಯ ಉದ್ದೇಶದಿಂದಲೇ ಇದು ನಡೆಯಿತು. ಬಂದ ಮೀನು ಚೆನ್ನಾಗಿ ಹೊಂದಿಕೊಂಡಿತು, ಹೊಳೆಯ ಸ್ವಂತ ಗೂನುಬೆನ್ನಿನ ಮೀನು ಹಿಂದೆ ಸರಿಯಿತು. ಅದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಪಟ್ಟಿಯಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಗುಂಪಿಗೆ ಸೇರಿತು. ಜಗತ್ತಿನ ಗಾಳಗಾರರೆಲ್ಲ ಕನಸು ಕಾಣುತ್ತಿದ್ದ ಮೀನಿಗೆ ಖಚಿತವಾದ ಹೆಸರು ಸಿಗುವ ಹೊತ್ತಿಗೆ ಅದು ಕಣ್ಮರೆಯಾಗುತ್ತಿತ್ತು.

ಈ ಕತೆಯಿಂದ ಗಾಳ ಹಾಕುವುದು ಸರಿ ಎಂದು ತೀರ್ಮಾನಿಸಲು ಆಗುವುದಿಲ್ಲ. ಸುಖಕ್ಕಾಗಿ ಒಂದು ಜೀವಿಯ ಬಾಯಿಗೆ ಕೊಕ್ಕೆ ಸಿಕ್ಕಿಸಿ, ದಣಿಯುವವರೆಗೆ ಆಡಿಸಿ, ಆಮೇಲೆ ಬಿಟ್ಟೆವೆಂದು ಹೆಮ್ಮೆಪಡುವುದರಲ್ಲಿ ಏನೋ ಇರುಸುಮುರುಸು ಇದ್ದೇ ಇದೆ. ನಮ್ಮಿಂದ ಪ್ರಯೋಜನವೂ ಇದೆ ಎಂಬ ಸಮರ್ಥನೆಯನ್ನು ಯಾರು ಬೇಕಾದರೂ ಕೊಡಬಹುದು, ಕಲ್ಲುಗಣಿಯವರೂ ಊರಿಗೆ ರಸ್ತೆ ಮಾಡಿಸಿದ್ದೇವೆ ಎನ್ನುತ್ತಾರೆ. ಆದರೆ ಈ ಕತೆ ಒಂದನ್ನು ಸ್ಪಷ್ಟಪಡಿಸುತ್ತದೆ. ಬರಬೇಡಿ ಎಂದು ಬಾಗಿಲು ಹಾಕಿದ ಮಾತ್ರಕ್ಕೆ ಹೊಳೆ ಸುಖವಾಗಿರುವುದಿಲ್ಲ. ನೋಡುವವರು ಇಲ್ಲದ ದಂಡೆಗೆ ಯಾರೂ ಬರುವುದಿಲ್ಲ ಎಂದಲ್ಲ, ನೋಡಬಾರದವರು ಬರುತ್ತಾರೆ. ಗಾಳಗಾರರ ಸುಖಕ್ಕೂ ಮೀನಿನ ಬದುಕಿಗೂ ಒಂದು ಗಂಟು ಬಿದ್ದಿತ್ತು, ಮೀನು ಬದುಕಿದರೆ ಮಾತ್ರ ಅವರಿಗೆ ಮುಂದಿನ ವರ್ಷದ ಸುಖ. ಆ ಗಂಟೇ ಅವರನ್ನು ಕಾವಲಿಗೆ ನಿಲ್ಲಿಸಿತು. ಒಂದು ರಾತ್ರಿ ಉಳಿದು, ಚಿತ್ರ ಹಾಕಿ, ಮುಂದಿನ ವಾರ ಇನ್ನೊಂದು ಹೊಳೆಗೆ ಹೋಗುವ ನಮ್ಮಂಥವರಿಗೆ ಅಂಥ ಗಂಟು ಯಾವುದಿದೆ?

ಹೋಗದಿರುವುದರ ಇನ್ನೊಂದು ತೊಡಕು ನಲ್ಲಿಯಲ್ಲಿದೆ. ಬೆಂಗಳೂರಿನಲ್ಲಿ ಮನೆಯಲ್ಲೇ ಉಳಿದ ವ್ಯಕ್ತಿ ಹೊಳೆಯಿಂದ ದೂರವಿದ್ದಾನೆ ಎಂದು ತೋರುತ್ತದೆ. ಆದರೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿ ನೀರನ್ನು ಪಂಪು ಮಾಡಿ ಅವನ ಅಡುಗೆಮನೆಗೆ ತರಲಾಗುತ್ತಿದೆ. ಮೊದಲ ಹಂತ 1974ರಲ್ಲಿ ಶುರುವಾಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿ ಈ ಯೋಜನೆಗಳ ಸಾಮರ್ಥ್ಯ ದಿನಕ್ಕೆ 2,225 ದಶಲಕ್ಷ ಲೀಟರ್ ಆಯಿತು. ಆ ವರ್ಷದ ಮಾರ್ಚಿನಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರುಗಳಿಗೆ ಜನ ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗರಿಗೂ ಗುಡ್ಡದ ಆನೆಗೂ ನೆಚ್ಚಿಕೆ ಒಂದೇ ಹೊಳೆ. ಟೆಂಟಿನಲ್ಲಿ ಮಲಗಿದವರನ್ನು ಅತಿಕ್ರಮಣಕಾರರು ಎಂದು ಬೈಯುವ ಪರಿಸರಪ್ರೇಮಿಯೂ ಬೆಳಗಿನ ಸ್ನಾನಕ್ಕೆ ಅದೇ ನೀರನ್ನು ಬಳಸಿರುತ್ತಾನೆ. ದಡದಲ್ಲಿ ದೂರ ನಿಂತು ನೋಡುವ, ಯಾವುದಕ್ಕೂ ಸೇರದ ತಟಸ್ಥನ ಜಾಗ ಯಾರಿಗೂ ಇಲ್ಲ. ತಟಸ್ಥ ಎಂಬ ಪದದ ಮೂಲ ಅರ್ಥವೇ ತಟದಲ್ಲಿ ಇರುವವನು ಎಂದು. ದಂಡೆಯಲ್ಲಿ ಇದ್ದ ಮೇಲೆ ಅವನೂ ಹೊಳೆಯ ಲೆಕ್ಕಕ್ಕೆ ಸೇರಿದವನೇ.

ಇಷ್ಟರಲ್ಲಿ ಒಂದು ಅವಸರದ ತೀರ್ಪನ್ನು ಸರಿಪಡಿಸಿಕೊಳ್ಳಬೇಕು. ಇದೇ ಹೊಳೆಗೆ ಬರುವ ಇನ್ನೊಂದು ಬಗೆಯ ಜನರಿದ್ದಾರೆ. ಮುತ್ತತ್ತಿಯಲ್ಲಿ ಮುತ್ತತ್ತಿರಾಯನೆಂದು ಕರೆಯುವ ಆಂಜನೇಯನ ಗುಡಿಯಿದೆ. ನೀರಿಗೆ ಬಿದ್ದ ಸೀತೆಯ ಮುತ್ತಿನ ಆಭರಣವನ್ನು ಹನುಮಂತ ಬಾಲದಿಂದ ಎತ್ತಿಕೊಟ್ಟನಂತೆ, ಅದರಿಂದಲೇ ಊರಿಗೆ ಆ ಹೆಸರು ಎಂದು ಸ್ಥಳಪುರಾಣ. ಮಂಡ್ಯ, ರಾಮನಗರ ಸೀಮೆಯ ಕುಟುಂಬಗಳು ಟೆಂಪೋ ಮಾಡಿಕೊಂಡು ಬಂದು, ಹೊಳೆಯಲ್ಲಿ ಮಿಂದು, ದೇವರಿಗೆ ಕೈಮುಗಿದು, ದಂಡೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ ಬಾಡೂಟ ಮಾಡಿ, ಉಂಡು ಹೋಗುತ್ತವೆ. ಟೆಂಟಿನ ಪ್ರವಾಸಿಗೆ ಈ ಗದ್ದಲ ಹಿಡಿಸುವುದಿಲ್ಲ. ಅವರಿಗೆ ನಿಸರ್ಗವನ್ನು ಅನುಭವಿಸಲು ಬರುವುದಿಲ್ಲ ಎಂಬ ಮಾತು ಬಂದೇ ಬರುತ್ತದೆ.

ಇದರ ಹಿಂದೆ ಒಂದು ತತ್ವವಿದೆ. ಸೌಂದರ್ಯದ ಸುಖ ಸ್ವಾರ್ಥದಿಂದ ಬಿಡಿಸಿಕೊಂಡದ್ದಾಗಿರಬೇಕು ಎಂದು ಇಮ್ಯಾನುಯೆಲ್ ಕಾಂಟ್ 1790ರಲ್ಲಿ ವಾದಿಸಿದ. ನಮ್ಮ ರಸಸಿದ್ಧಾಂತವನ್ನು ಆಧುನಿಕ ಓದುಗರಿಗೆ ವಿವರಿಸಿದ ಮೈಸೂರಿನ ಎಂ. ಹಿರಿಯಣ್ಣನವರೂ, ರಸಾನುಭವದಲ್ಲಿ ನಾನು, ನನ್ನದು ಎಂಬ ಭಾವ ಸ್ವಲ್ಪ ಹೊತ್ತಾದರೂ ಹಿಂದೆ ಸರಿಯುತ್ತದೆ ಎನ್ನುವ ಅಂಶಕ್ಕೆ ಒತ್ತು ಕೊಟ್ಟರು. ಮಾತು ಸರಿಯಾದದ್ದೇ. ತಪ್ಪುವುದು ಅದನ್ನು ಅನ್ವಯಿಸುವಲ್ಲಿ. ಮೌನವಾಗಿ ಕುಳಿತವನಲ್ಲಿ ಸ್ವಾರ್ಥ ಇಲ್ಲ, ಗದ್ದಲ ಮಾಡುವವನಲ್ಲಿ ಇದೆ ಎಂದು ನಾವು ಭಾವಿಸಿಬಿಡುತ್ತೇವೆ. ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟವನ ಮೌನದಲ್ಲಿ ಈ ದಂಡೆ ಇಂದು ನನ್ನದು ಎಂಬ ಭಾವ ದಟ್ಟವಾಗಿರಬಹುದು. ಹರಕೆ ತೀರಿಸಲು ಬಂದ ಹೆಂಗಸು ನೀರಿಗೆ ಇಳಿಯುವ ಮೊದಲು ಅದನ್ನು ಕಣ್ಣಿಗೆ ಒತ್ತಿಕೊಳ್ಳುವಾಗ ಆ ಭಾವ ಇಲ್ಲವೇ ಇಲ್ಲದಿರಬಹುದು. ಮುತ್ತತ್ತಿಯ ಸುಳಿಗಳಲ್ಲಿ ಜನ ಮುಳುಗಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಳೆ ಕೊಡುವಂತೆ ಕಸಿಯಲೂ ಬಲ್ಲದು ಎನ್ನುವುದು ಅಲ್ಲಿನ ಭಕ್ತರಿಗೆ ಗೊತ್ತು. ನಮಗೆ ಅದು ಬಹುಮಟ್ಟಿಗೆ ಹಿನ್ನೆಲೆಯ ಚಿತ್ರ.

ಹಾಗೆಂದು ಹಳ್ಳಿಯವರೆಲ್ಲ ಹೊಳೆಯ ಮಕ್ಕಳು, ಪೇಟೆಯವರೆಲ್ಲ ಕಳ್ಳರು ಎನ್ನುವುದೂ ಸುಳ್ಳು. ಊಟದ ನಂತರ ಮರಳಲ್ಲಿ ಉಳಿಯುವ ಪ್ಲಾಸ್ಟಿಕ್ ಲೋಟಗಳು, ಒಡೆದ ಬಾಟಲಿಗಳು ಭಕ್ತಿಯ ಹೆಸರಿನಲ್ಲಿ ಕರಗಿಹೋಗುವುದಿಲ್ಲ. ಬಂದವರು ಯಾರು, ಎಷ್ಟು ಮೆಲ್ಲಗೆ ಮಾತಾಡುತ್ತಾರೆ, ಅವರ ಅಭಿರುಚಿ ಎಂಥದು ಎನ್ನುವುದರಿಂದ ಸುಖದ ಸರಿತಪ್ಪು ನಿರ್ಧಾರವಾಗುವುದಿಲ್ಲ ಎಂಬುದಷ್ಟೇ ನನ್ನ ವಾದ. ಇಬ್ಬರಿಗೂ ಒಂದೇ ಅಳತೆಗೋಲು ಬೇಕು.

ಆ ಅಳತೆಗೋಲು ನಮ್ಮ ಮನೆಗಳಲ್ಲೇ ಇದೆ ಎಂದು ನನಗನ್ನಿಸುತ್ತದೆ. ಇನ್ನೊಬ್ಬರ ಜಾಗಕ್ಕೆ ಹೋಗುವವರಲ್ಲಿ ಒಡೆಯ, ಗಿರಾಕಿ, ಕಳ್ಳ, ನೆಂಟ ಎಂಬ ನಾಲ್ಕು ಬಗೆಯವರಿದ್ದಾರೆ. ಒಡೆಯ ಕೇಳದೆ ಹೋಗಬಹುದು. ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ, ದುಡ್ಡು ಕೊಟ್ಟ ಕೂಡಲೇ ಅವನ ಋಣ ಮುಗಿಯುತ್ತದೆ. ಕಳ್ಳನಿಗೆ ಋಣದ ಪ್ರಶ್ನೆಯೇ ಇಲ್ಲ. ನೆಂಟನ ಋಣ ಮಾತ್ರ ಮುಗಿಯುವುದಿಲ್ಲ, ಉಂಡು ಎದ್ದ ಮೇಲೂ ಅದು ಉಳಿಯುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಹುಟ್ಟಿದ್ದು ಆ ಉಳಿದ ಋಣದಿಂದಲೇ. ಪ್ರವಾಸದ ವ್ಯಾಪಾರ ನಮ್ಮನ್ನು ನೆಂಟತನದಿಂದ ಗಿರಾಕಿತನಕ್ಕೆ ತಂದಿದೆ. ಬುಕ್ ಮಾಡಿದ್ದೇವೆ, ದುಡ್ಡು ಕೊಟ್ಟಿದ್ದೇವೆ, ಬೆಂಕಿ ಯಾಕೆ ಹಾಕಬಾರದು, ನೀರಿನ ಪಕ್ಕದಲ್ಲೇ ಟೆಂಟು ಯಾಕೆ ಕೊಡುವುದಿಲ್ಲ ಎಂದು ಕೇಳುವ ದನಿ ಗಿರಾಕಿಯದು. ಆ ದುಡ್ಡು ಶಿಬಿರಕ್ಕೆ ಸೇರಿತು. ಹೊಳೆಗೆ ಏನು ಸೇರಿತು?

ಇಲ್ಲಿ ಒಂದು ಆಕ್ಷೇಪಣೆ ಬರಬೇಕು. ನೆಂಟನನ್ನು ಯಾರಾದರೂ ಕರೆದಿರುತ್ತಾರೆ, ಹೊಳೆ ನಮ್ಮನ್ನು ಕರೆದಿಲ್ಲ, ಆನೆಯಂತೂ ಕರೆದಿಲ್ಲ. ಹೀಗಾಗಿ ನಾವು ನೆಂಟರೂ ಅಲ್ಲ. ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಹೆಚ್ಚೆಂದರೆ ನಾವು ಹೊತ್ತು ಮುಳುಗಿದ ಮೇಲೆ ಊರಿಗೆ ಬಂದ ದಾರಿಹೋಕರು. ಹಳೆಯ ಮನೆಗಳಲ್ಲಿ ಅಂಥವರಿಗಾಗಿ ಒಂದು ಜಾಗವಿತ್ತು, ಜಗಲಿ. ಗುರುತಿಲ್ಲದ ಪಯಣಿಗ ಅಲ್ಲಿ ರಾತ್ರಿ ಕಳೆಯಬಹುದಿತ್ತು. ಅವನು ನಡುಮನೆಗೆ ನುಗ್ಗುತ್ತಿರಲಿಲ್ಲ, ಬಚ್ಚಲಿನ ಹಂಡೆಯ ಮುಂದೆ ಹಾಸಿಗೆ ಹಾಸುತ್ತಿರಲಿಲ್ಲ, ಮನೆಯಲ್ಲಿ ಕಾಯಿಲೆ ಇದ್ದರೆ ಮುಂದಿನ ಮನೆಗೆ ಹೋಗುತ್ತಿದ್ದ. ಜಗಲಿಯಲ್ಲಿ ಮಲಗಿದ್ದಕ್ಕೆ ಅವನ ನಿದ್ದೆಯ ಸುಖವೇನೂ ಕಡಿಮೆಯಾಗುತ್ತಿರಲಿಲ್ಲ.

ಹೊಳೆಯ ಜಗಲಿ ಯಾವುದೆಂದು ಗುರುತಿಸುವುದು ಕಷ್ಟವಲ್ಲ. ಪ್ರಾಣಿಗಳು ಇಳಿಯುವ ದಾರಿ, ಮರಳ ದಂಡೆ, ಆಳವಿಲ್ಲದ ನೀರು ಅದರ ನಡುಮನೆ. ಟೆಂಟು ಇರಬೇಕಾದದ್ದು ಅಲ್ಲಿಂದ ಸಾಕಷ್ಟು ಹಿಂದಕ್ಕೆ, ಈಗಾಗಲೇ ಮನುಷ್ಯರು ಬಳಸಿ ಪಳಗಿದ ಜಾಗದಲ್ಲಿ. ಹಾಗೆ ಹಿಂದಕ್ಕೆ ಸರಿಯುವುದರಲ್ಲಿ ನಮ್ಮ ಹಿತವೂ ಇದೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಂತೆ ಹೊಳೆ ಏರುತ್ತದೆ, ಮಡುಗಳಲ್ಲಿ ಮೊಸಳೆಗಳಿವೆ. ನಿರ್ಬಂಧ ಮುಖ್ಯವಾಗಿ ಬೇಕಾದದ್ದು ಹೊತ್ತಿನ ವಿಷಯದಲ್ಲಿ. ಹಗಲು ದಂಡೆಯಲ್ಲಿ ಕುಳಿತು ಮುತ್ತುಗ ನೋಡಬಹುದು, ಹಕ್ಕಿ ಎಣಿಸಬಹುದು, ಅನುಮತಿಯಿರುವ ಕಡೆ ಕಾಲು ಇಳಿಬಿಡಬಹುದು. ನಾಲ್ಕೂವರೆ ಐದಕ್ಕೆ ಎದ್ದು ಹಿಂದೆ ಸರಿಯುವುದು ದಾರಿಹೋಕನ ಮರ್ಯಾದೆ. ರಾತ್ರಿಯೂ ಹೊಳೆಯ ಪಕ್ಕದಲ್ಲೇ ಮಲಗಬೇಕೆಂಬ ಆಸೆಗೆ ಮಳೆಗಾಲ ಮುಗಿದ ತಿಂಗಳುಗಳಿವೆ. ಆಗ ಕಾಡೊಳಗೆ ಬೇರೆ ಕಡೆಯೂ ನೀರಿರುತ್ತದೆ, ನಮ್ಮ ಹಾಜರಿಯ ಭಾರ ಅಷ್ಟರಮಟ್ಟಿಗೆ ಕಡಿಮೆ.

ಬೆಂಕಿಯದು ಇನ್ನೂ ಗಟ್ಟಿಯಾದ ಮಾತು. ಶಿಬಿರ ಎಂದರೆ ಅನೇಕರಿಗೆ ಸುತ್ತ ಕುಳಿತು ಹಾಡುವ ಬೆಂಕಿಯೇ. ಆದರೆ ಫೆಬ್ರುವರಿ ಹಿಡಿದ ಮೇಲೆ ಈ ಕಾಡಿನ ನೆಲವೆಲ್ಲ ಒಣ ತರಗು, ಒಣ ಹುಲ್ಲು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ನಾವು ನೋಡಿದ್ದೇವೆ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚಿದಾಗ ನಾವು ಗೊಣಗುತ್ತೇವೆ. ಮನೆಯೊಳಗೆ ಯಾರಿಗೋ ಹುಷಾರಿಲ್ಲದಾಗ ಬಾಗಿಲು ಮುಂದೂಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಜಗಲಿಯವನು ಆಗ ಬಾಗಿಲು ತಟ್ಟುವುದಿಲ್ಲ.

ಇಷ್ಟೆಲ್ಲ ಬಿಟ್ಟ ಮೇಲೆ ಸುಖ ಏನು ಉಳಿಯಿತು ಎಂದು ಕೇಳುವ ಹಕ್ಕು ಓದುಗರಿಗಿದೆ. ಕೆಲವು ಸುಖಗಳು ನಿಜಕ್ಕೂ ಹೋಗುತ್ತವೆ, ಅದನ್ನು ಮುಚ್ಚಿಡಬಾರದು. ಎಳೆಯ ವಸಂತದ ಬೆಳದಿಂಗಳಲ್ಲಿ, ಹೊಳೆಯ ಅಂಚಿನ ಮರಳಿನಲ್ಲಿ, ಬೆಂಕಿಯ ಪಕ್ಕ ಮಲಗುವ ಸುಖಕ್ಕೆ ಸಮನಾದ ಬದಲಿ ಇಲ್ಲ. ತ್ಯಾಗ ಮಾಡಿದರೆ ಅದಕ್ಕಿಂತ ಹೆಚ್ಚಿನ ಸುಖ ಸಿಗುತ್ತದೆ ಎಂದು ಭರವಸೆ ಕೊಡುವುದು ಮತ್ತೊಂದು ಬಗೆಯ ವ್ಯಾಪಾರವಾಗುತ್ತದೆ. ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರ ತ್ಯಾಗವನ್ನೂ ಭೋಗವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದನ್ನು ನಾನು ಲಾಭದ ಸೂತ್ರವಾಗಿ ಓದುವುದಿಲ್ಲ. ಇದು ನನ್ನೊಬ್ಬನದಲ್ಲ ಎಂಬ ಅರಿವು ಸುಖಕ್ಕೆ ಹೊರಗಿನಿಂದ ಬಂದ ಅಡ್ಡಿಯಲ್ಲ, ಅದು ಸುಖದ ಒಳಗೇ ಇರಬಹುದಾದದ್ದು ಎಂದು ಓದುತ್ತೇನೆ. ಹಸಿದ ಮಗುವಿಗೆ ಬಡಿಸಿ ಆಮೇಲೆ ಉಣ್ಣುವ ತಾಯಿಗೆ ಊಟ ರುಚಿಸುವುದಿಲ್ಲವೇ? ಆ ಊಟದಲ್ಲಿ ಒಂದು ತುತ್ತು ಕಡಿಮೆ ಇರಬಹುದು, ರುಚಿ ಮಾತ್ರ ಬೇರೆಯದು.

ಮುಗಿಯದ ಋಣ ಎಂದೆನಲ್ಲ, ಅದನ್ನು ತೀರಿಸುವ ಒಂದು ದಾರಿಯಾದರೂ ಕಣ್ಣೆದುರಿಗಿದೆ. ಮೇಕೆದಾಟುವಿನಲ್ಲಿ 67 ಟಿಎಂಸಿ ಅಡಿ ನೀರು ನಿಲ್ಲಿಸುವ ಅಣೆಕಟ್ಟಿನ ಪ್ರಸ್ತಾವ ಬಹುಕಾಲದಿಂದ ಚರ್ಚೆಯಲ್ಲಿದೆ. ಬೆಂಗಳೂರಿನ ಕುಡಿಯುವ ನೀರು ಅದರ ಮುಖ್ಯ ಕಾರಣ. ಕಟ್ಟಿದರೆ ಸುಮಾರು 5,000 ಹೆಕ್ಟೇರ್ ನೆಲ ಮುಳುಗುತ್ತದೆ, ಅದರಲ್ಲಿ ಬಹುಪಾಲು ಈ ವನ್ಯಜೀವಿಧಾಮದ್ದು. ಎರಡು ರಾಜ್ಯಗಳ ವಾದವಿವಾದದಲ್ಲಿ ನೀರಿನ ಲೆಕ್ಕ ದೊಡ್ಡ ದನಿಯಲ್ಲಿ ಕೇಳಿಸುತ್ತದೆ, ಮುಳುಗುವ ದಂಡೆಯ ಲೆಕ್ಕ ಅಷ್ಟು ಕೇಳಿಸುವುದಿಲ್ಲ. ಅಣೆಕಟ್ಟು ಬೇಕೋ ಬೇಡವೋ ಎನ್ನುವುದನ್ನು ಇಲ್ಲಿ ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ನೀರಿಗಾಗಿ ಕೊಡ ಹಿಡಿದು ನಿಂತ ನಗರದ ಬಡವರ ಅಗತ್ಯ ನಾಟಕವಲ್ಲ. ಆದರೆ ನಿರ್ಧಾರ ಯಾವುದೇ ಆಗಲಿ, ಏನು ಹೋಗುತ್ತದೆ ಎಂದು ಹೇಳಬಲ್ಲವರು ಹೇಳಲೇಬೇಕು. ಯಾವ ಇಳಿಜಾರಿನಲ್ಲಿ ಆನೆ ಇಳಿಯುತ್ತದೆ, ಯಾವ ಬಂಡೆಯ ಮೇಲೆ ನೀರುನಾಯಿ ಮೈ ಒಣಗಿಸುತ್ತದೆ, ಯಾವ ಮತ್ತಿಯ ಮರದಲ್ಲಿ ಬೂದು ಅಳಿಲು ಗೂಡು ಕಟ್ಟುತ್ತದೆ ಎನ್ನುವುದು ಗೊತ್ತಿರುವುದು ಅಲ್ಲಿನ ಊರಿನವರಿಗೆ, ಕಾವಲಿನವರಿಗೆ, ಮತ್ತು ಅಷ್ಟಿಷ್ಟು ಅಲ್ಲಿ ಹೋಗಿ ಸುಖಪಟ್ಟವರಿಗೆ. ಇಪ್ಪತ್ತು ವರ್ಷ ಆ ದಂಡೆಯಲ್ಲಿ ರಜೆ ಕಳೆದು, ಚಿತ್ರಗಳನ್ನು ಗೋಡೆಗೆ ಹಾಕಿಕೊಂಡು, ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡರೆ ಅದಕ್ಕೆ ಕನ್ನಡದಲ್ಲಿ ಒಂದು ಮಾತಿದೆ, ಉಂಡೂ ಹೋದ, ಕೊಂಡೂ ಹೋದ.

ಸುಖಪಡುವುದು ತಪ್ಪಲ್ಲ. ಸುಖಪಟ್ಟವರಿಗೆ ಮಾತ್ರ ತಿಳಿಯುವ ಕೆಲವು ಸಂಗತಿಗಳಿವೆ, ಅವನ್ನು ಹೇಳುವ ಹೊಣೆಯೂ ಅವರದೇ. ಈ ಫಾಲ್ಗುಣದಲ್ಲಿ ಹೊಳೆಗೆ ಹೋಗುವ ವಿದ್ಯಾರ್ಥಿಗಳು ಒಂದು ಪುಟ್ಟ ನೋಟುಪುಸ್ತಕ ಒಯ್ಯಲಿ. ಯಾವ ಮರ ಚಿಗುರಿದೆ, ಮರಳಿನ ಮೇಲೆ ಯಾರ ಹೆಜ್ಜೆಗಳಿವೆ, ನೀರು ಯಾವ ಬಂಡೆಯವರೆಗೆ ಇಳಿದಿದೆ ಎಂದು ಬರೆದುಕೊಳ್ಳಲಿ. ಬಿಸಿಲು ಗುಡ್ಡದ ಆಚೆ ಜಾರುವ ಮೊದಲು ಎದ್ದು ಬರಲಿ. ಆಮೇಲೆ ಆ ಮರಳಿಗೆ ಯಾರು ಇಳಿದರು, ಎಷ್ಟು ಹೊತ್ತು ನಿಂತು ನೀರು ಕುಡಿದರು ಎನ್ನುವುದನ್ನು ಮರುದಿನದ ಹೆಜ್ಜೆಗಳು ಹೇಳುತ್ತವೆ.